ಸಕ್ರೆಬೈಲಿನ ಬೇಲಿ ಬ್ಯಾಟರಿ ಸತ್ತರೆ ಎಲ್ಲಿಗೆ ಹೋಗತ್ತೆ? ನಿಯಮ ಹೇಳುವುದೊಂದು, ಗುಜರಿ ತಕ್ಕಡಿ ಹೇಳುವುದೊಂದು

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಹದಿನಾಲ್ಕು ಕಿಲೋಮೀಟರ್ ಬಂದರೆ ಸಕ್ರೆಬೈಲು. ಹೊರಗಿನವರಿಗೆ ಇದು ಆನೆ ಬಿಡಾರ. ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಬೆಳಗ್ಗೆ ಆನೆಗಳು ಮೀಯುವುದನ್ನು ನೋಡಿ, ಫೋಟೋ ತೆಗೆದುಕೊಂಡು ಹೊರಡುವ ಜಾಗ. ರಸ್ತೆ ಬಿಟ್ಟು ತೋಟ-ಗದ್ದೆಗಳ ಕಡೆ ಹೋದರೆ ಇನ್ನೊಂದು ಸಂಗತಿ ಕಾಣತ್ತೆ. ಬಿಡಾರದ ಆನೆ ಸಾಧು, ಶೆಟ್ಟಿಹಳ್ಳಿ ಕಾಡಿನ ಆನೆ ಹಾಗಲ್ಲ. ಅದನ್ನು ತಡೆಯೋಕೆ ಹಾಕುವ ಸೋಲಾರ್ ಬೇಲಿಯ ಬುಡದಲ್ಲಿ, ಪೆಟ್ಟಿಗೆಯೊಳಗೆ, ಒಂದು 12 ವೋಲ್ಟ್ ಬ್ಯಾಟರಿ ಕೂತಿರತ್ತೆ. ಹಗಲು ಪ್ಯಾನೆಲ್‌ನಿಂದ ತುಂಬಿಕೊಂಡು ರಾತ್ರಿಯಿಡೀ ತಂತಿಗೆ ಸೆಕೆಂಡಿಗೊಂದರಂತೆ ಝಟ್ಕಾ ಕಳಿಸುವುದು ಅದರ ಕೆಲಸ. ಮೂರರಿಂದ ಐದು ವರ್ಷ ಬಂದರೆ ಹೆಚ್ಚು. ಆಮೇಲೆ ಅದು ಸಾಯತ್ತೆ.

ಬೇಲಿಯದ್ದು ಒಂದೇ ಅಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಮೆಸ್ಕಾಂನವರು ಬರುವ ತನಕ ಮನೆ ನಡೆಸುವುದು ಇನ್ವರ್ಟರ್ ಬ್ಯಾಟರಿ. ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪಿನಲ್ಲಿ ಒಂದು, ಟ್ರ್ಯಾಕ್ಟರ್‌ನಲ್ಲಿ ಒಂದು, ಬೈಕಿನಲ್ಲಿ ಒಂದು, ಹೋಮ್‌ಸ್ಟೇ ಸಿಸಿಟಿವಿಯ ಯುಪಿಎಸ್‌ನಲ್ಲಿ ಒಂದು. ತಲೆಗೆ ಕಟ್ಟುವ ಟಾರ್ಚು, ಮೊಬೈಲು, ಮಕ್ಕಳ ಆಟಿಕೆ, ಟಿವಿ ರಿಮೋಟು, ಈಗೀಗ ಎಲೆಕ್ಟ್ರಿಕ್ ಸ್ಕೂಟರು. ಒಂದು ಸಾಧಾರಣ ಮಲೆನಾಡಿನ ಮನೆಯಲ್ಲಿ ನಾನು ಎಣಿಸಿದರೆ ಹದಿನೈದು ಇಪ್ಪತ್ತು ಸುಲಭಕ್ಕೆ ಸಿಗತ್ತೆ.

ಇವೆಲ್ಲ ಸತ್ತ ಮೇಲೆ ಏನಾಗಬೇಕು ಅಂತ ಹೇಳುವ ಕಾನೂನು ನಮ್ಮಲ್ಲಿದೆ. ಹೆಸರು, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022. ಕೇಂದ್ರ ಪರಿಸರ ಸಚಿವಾಲಯ ಆ ವರ್ಷದ ಆಗಸ್ಟ್‌ನಲ್ಲಿ ಹೊರಡಿಸಿತು, ಆಮೇಲೆ ನಾಲ್ಕಾರು ಸಲ ತಿದ್ದಿತು. ಪೂರ್ತಿ ಓದಿದರೆ ಕೆಟ್ಟ ಕಾನೂನು ಅಂತ ಅನ್ನಿಸಲ್ಲ. ಆದರೆ ಹಳೆ ಬ್ಯಾಟರಿ ಕಾನೂನು ಓದಿಕೊಂಡು ಪ್ರಯಾಣ ಮಾಡಲ್ಲ, ದುಡ್ಡು ಹೆಚ್ಚು ಸಿಗುವ ಕಡೆ ಹೋಗತ್ತೆ. ದುಡ್ಡೇ ಸಿಗದಿದ್ದರೆ ಎಲ್ಲಿಗೂ ಹೋಗಲ್ಲ, ಅಟ್ಟದ ಮೇಲೋ ಗೊಬ್ಬರಗುಂಡಿಯಲ್ಲೋ ಬಿದ್ದಿರತ್ತೆ. ನಿಯಮದ ಅತಿ ದುರ್ಬಲ ಜಾಗ ಇರುವುದು ಇಲ್ಲೇ. ಕಂಪನಿಯಿಂದ ಹಿಡಿದು ಮಂಡಳಿಯ ಪೋರ್ಟಲ್‌ವರೆಗೆ ಎಲ್ಲರ ಲೆಕ್ಕ ಬರೆದ ಈ ಕಾನೂನು, ಬ್ಯಾಟರಿ ಮೊದಲ ಸಲ ಕೈ ಬದಲಾಯಿಸುವ ಆ ಐದು ನಿಮಿಷದ ಬಗ್ಗೆ ಹೆಚ್ಚೂಕಮ್ಮಿ ಏನೂ ಹೇಳಲ್ಲ.

ಮೊದಲು ಸೀಸದ ಕತೆ

ಬೇಲಿ, ಇನ್ವರ್ಟರ್, ಟ್ರ್ಯಾಕ್ಟರ್‌ಗಳಲ್ಲಿ ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವುದು ಸೀಸ-ಆಸಿಡ್ ಬ್ಯಾಟರಿ. ಮನೆಯ ದೊಡ್ಡ ಇನ್ವರ್ಟರ್ ಬ್ಯಾಟರಿ ಎತ್ತಿ ನೋಡಿದವರಿಗೆ ಗೊತ್ತು, ಇಬ್ಬರು ಬೇಕು. ಆಸಿಡ್ ಸೇರಿ 55 ಕೆ.ಜಿ. ಆಸುಪಾಸು ತೂಗತ್ತೆ. ಅದರಲ್ಲಿ ಶೇ. 60ಕ್ಕೆ ಕಡಿಮೆ ಇಲ್ಲದಂತೆ ಸೀಸ. ಅಂದರೆ 33 ಕೆ.ಜಿ. ಲಂಡನ್ ಲೋಹ ಮಾರುಕಟ್ಟೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಸೀಸದ ದರ ಟನ್ನಿಗೆ ಸುಮಾರು 2,000 ಡಾಲರ್ ಸುತ್ತ ಓಡಾಡಿದೆ. ಲೆಕ್ಕ ಹಾಕಿದರೆ, ಸತ್ತು ಕೂತಿರುವ ಆ ಒಂದು ಬ್ಯಾಟರಿಯ ಹೊಟ್ಟೆಯಲ್ಲಿರುವ ಸೀಸದ ಬೆಲೆಯೇ ಐದು ಸಾವಿರ ರೂಪಾಯಿ ದಾಟತ್ತೆ.

ಹಾಗಾಗಿ ಸೀಸದ ಬ್ಯಾಟರಿಯನ್ನು ನಮ್ಮಲ್ಲಿ ಯಾರೂ ಬೀದಿಗೆ ಎಸೆಯಲ್ಲ. "ಜನಕ್ಕೆ ಅರಿವಿಲ್ಲ" ಅಂತ ಭಾಷಣ ಮಾಡುವವರು ಇದನ್ನು ಗಮನಿಸಬೇಕು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದು ಕೊಟ್ಟರೆ ಇಷ್ಟು ಕಡಿಮೆ ಅಂತ ಅಂಗಡಿಯವರು ಹೇಳ್ತಾರೆ. ಅದಕ್ಕಿಂತ ಜಾಸ್ತಿ ಕೊಡ್ತೀನಿ ಅಂತ ಗುಜರಿಯವರು ಮನೆ ಬಾಗಿಲಿಗೇ ಬರ್ತಾರೆ. ಅರಿವು ಇಬ್ಬರಿಗೂ ಇದೆ, ದರದ ಅರಿವು. ಬ್ಯಾಟರಿ ಖಂಡಿತವಾಗಿ ಮರುಬಳಕೆ ಆಗತ್ತೆ. ಪ್ರಶ್ನೆ ಇರುವುದು ಎಲ್ಲಿ, ಹೇಗೆ ಅನ್ನುವುದರಲ್ಲಿ.

ಕ್ರಮಬದ್ಧವಾದ ಘಟಕದಲ್ಲಾದರೆ ಯಂತ್ರ ಬ್ಯಾಟರಿಯನ್ನು ಒಡೆದು ಆಸಿಡ್, ಪ್ಲಾಸ್ಟಿಕ್, ಸೀಸ ಬೇರೆ ಮಾಡತ್ತೆ. ಆಸಿಡ್ಡನ್ನು ತಟಸ್ಥ ಮಾಡ್ತಾರೆ. ಮುಚ್ಚಿದ ತಿರುಗುವ ಕುಲುಮೆಯಲ್ಲಿ ಸೀಸ ಕರಗಿಸ್ತಾರೆ. ಹೊಗೆಯನ್ನು ಚೀಲದ ಫಿಲ್ಟರ್‌ನಲ್ಲಿ ಹಾಯಿಸಿ ಧೂಳು ಹಿಡೀತಾರೆ. ಕೆಲಸಗಾರರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸಬೇಕು. ಇದೆಲ್ಲ ಖರ್ಚು. ಮಾಲಿನ್ಯ ಮಂಡಳಿಯ ವರ್ಗೀಕರಣದಲ್ಲಿ ಇದು ಕೆಂಪು ಪಟ್ಟಿಯ ಉದ್ದಿಮೆ.

ಇನ್ನೊಂದು ದಾರಿಗೆ ಖರ್ಚೇ ಇಲ್ಲ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಡಿಕೆ ಬೇಯಿಸುವ ಒಲೆಯ ಕೆಂಡ ಅದಕ್ಕಿಂತ ಬಿಸಿ ಇರತ್ತೆ. ಕೊಡಲಿಯಲ್ಲಿ ಪೆಟ್ಟಿಗೆ ಒಡೆದು, ಆಸಿಡ್ ಮಣ್ಣಿಗೆ ಸುರಿದು, ಗುಂಡಿಯಲ್ಲಿ ಇದ್ದಿಲು ಹಾಕಿ ಊದಿದರೆ ಪ್ಲೇಟಿನ ಜಾಲರಿ ಕರಗಿ ಗಟ್ಟಿ ಬರತ್ತೆ. ಆ ಜಾಲರಿಗೆ ಮೆತ್ತಿರುವ ಪೇಸ್ಟಿನಲ್ಲೂ ಸೀಸ ಇದೆ, ಅದನ್ನು ಪೂರ್ತಿ ತೆಗೆಯೋಕೆ ಇನ್ನೂ ಹೆಚ್ಚಿನ ಶಾಖ ಬೇಕು. ಗುಂಡಿ ಕುಲುಮೆಯಲ್ಲಿ ಅದು ಸಾಧ್ಯವಾಗಲ್ಲ, ಬೂದಿ-ಕಿಟ್ಟದ ಜೊತೆ ಪಕ್ಕಕ್ಕೆ ಬೀಳತ್ತೆ. ಹೊಗೆಯಲ್ಲಿ ಒಂದಷ್ಟು ಹೋಗತ್ತೆ. ಅಂದರೆ ಈ ದಾರಿಯಲ್ಲಿ ಲೋಹ ಸಿಗುವುದೂ ಕಮ್ಮಿ, ಉಳಿಯುವ ವಿಷವೂ ಜಾಸ್ತಿ. ಆದರೂ ಗುಂಡಿಯವನು ಹೆಚ್ಚು ದರ ಕೊಡಬಲ್ಲ. ಫಿಲ್ಟರ್ ಇಲ್ಲ, ಆಸಿಡ್ ಸಂಸ್ಕರಣೆ ಇಲ್ಲ, ತೆರಿಗೆ ಇಲ್ಲ, ಕೆಲಸಗಾರನಿಗೆ ರಕ್ತ ಪರೀಕ್ಷೆ ಇಲ್ಲ. ಕ್ರಮಬದ್ಧ ಘಟಕಕ್ಕೆ ಸ್ಪರ್ಧೆ ಸೋಲುವುದು ಮೊದಲೇ ಬರೆದಿಟ್ಟ ಹಾಗೆ.

ಸೀಸ ಮಣ್ಣಿನ ಮೇಲ್ಪದರ ಬಿಟ್ಟು ಬೇಗ ಕದಲಲ್ಲ. ತುಂಗೆಯಲ್ಲಿ ತೇಲಿಕೊಂಡು ಕೂಡ್ಲಿಗೆ ಹೋಗಿಬಿಡತ್ತೆ ಅಂತ ಹೆದರಿಸುವುದು ಸರಿಯಲ್ಲ. ಕದಲದೇ ಇರುವುದೇ ಅದರ ತೊಂದರೆ. ಎಲ್ಲಿ ಕರಗಿಸಿದರೋ ಆ ಅಂಗಳದಲ್ಲೇ, ಆ ಬೀದಿಯಲ್ಲೇ ಹತ್ತಾರು ವರ್ಷ ಉಳಿಯತ್ತೆ. ಮಣ್ಣಿನಲ್ಲಿ ಆಡಿ ಕೈ ಬಾಯಿಗೆ ಹಾಕುವ ಮಗುವಿನ ಹೊಟ್ಟೆಗೆ ಹೋಗತ್ತೆ. ದೊಡ್ಡವರಿಗಿಂತ ಮಕ್ಕಳ ಕರುಳು ಸೀಸವನ್ನು ಹೆಚ್ಚು ಹೀರಿಕೊಳ್ಳತ್ತೆ, ಮಿದುಳಿನ ಬೆಳವಣಿಗೆಗೆ ಏಟು ಬೀಳತ್ತೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಸೀಸಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ 2020ರಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನ ಪ್ರತಿ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ. ಭಾರತದ ಪಾಲು ಸುಮಾರು 27.5 ಕೋಟಿ ಮಕ್ಕಳು. ಕಳಪೆ ಬ್ಯಾಟರಿ ಮರುಬಳಕೆ ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಅಂತ ಆ ವರದಿಯೇ ಹೇಳಿತ್ತು.

ಕರ್ನಾಟಕದಲ್ಲಿ ಈ ವಿಷಯ ಗೊತ್ತಾಗಿ ಕಾಲು ಶತಮಾನ ಆಯ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ತೊಂಬತ್ತರ ದಶಕದ ಕೊನೆಯಿಂದಲೇ ಮಕ್ಕಳ ರಕ್ತದ ಸೀಸದ ಬಗ್ಗೆ ಕೆಲಸ ಮಾಡಿದವರು. ದೇಶದ ಸೀಸ ಯೋಜನೆಗಳ ರೆಫರಲ್ ಕೇಂದ್ರ ಅಲ್ಲಿ ಬೆಳೆದದ್ದು ಅವರ ಕೈಯಲ್ಲೇ. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಬ್ಯಾಟರಿಯಿಂದ ಹೋಗಲಿಲ್ಲ.

ಸೆನೆಗಲ್ ದೇಶದ ರಾಜಧಾನಿ ಡಕಾರ್ ಹತ್ತಿರದ ಥಿಯರೋಯ್ ಎಂಬ ಬಡಾವಣೆಯಲ್ಲಿ ಜನ ಇದೇ ಥರ ಬ್ಯಾಟರಿ ಒಡೆಯುತ್ತಿದ್ದರು. ಸೀಸದ ದರ ಏರಿದಾಗ ನೆಲದ ಮಣ್ಣನ್ನೇ ಜರಡಿ ಹಿಡಿದು ಸೀಸ ಆರಿಸೋಕೆ ಹೊರಟರು. 2007ರ ನವೆಂಬರ್‌ನಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ಸತ್ತರು. ಇಲ್ಲಿ ಅಂಥದ್ದು ಆಗಬೇಕು ಅಂತಿಲ್ಲ. ಆದರೆ ಸೀಸ ಹೀಗೆ ಸದ್ದು ಮಾಡಿ ಕೊಲ್ಲುವುದು ಅಪರೂಪ. ಶಾಲೆಯಲ್ಲಿ ಗಮನ ನಿಲ್ಲದ ಮಗುವನ್ನು "ದಡ್ಡ" ಅಂತ ಹಿಂದಿನ ಬೆಂಚಿಗೆ ಕಳಿಸಿ ಮುಗಿಸ್ತೇವೆ, ಯಾವ ಕಡತದಲ್ಲೂ ದಾಖಲಾಗಲ್ಲ.

ನಿಯಮ ಏನು ಹೇಳತ್ತೆ

ಮೊದಲ ನಿಯಮ ಬಂದದ್ದು 2001ರಲ್ಲಿ, ಸೀಸದ ಬ್ಯಾಟರಿಗೆ ಮಾತ್ರ. ಮಾರಿದ ಬ್ಯಾಟರಿಗೆ ಪ್ರತಿಯಾಗಿ ಮೊದಲ ವರ್ಷ ಶೇ. 50, ಎರಡನೇ ವರ್ಷ ಶೇ. 75, ಆಮೇಲೆ ಶೇ. 90 ಹಳೆ ಬ್ಯಾಟರಿ ವಾಪಸ್ ತರಿಸಬೇಕು, ಆರು ತಿಂಗಳಿಗೊಮ್ಮೆ ರಾಜ್ಯ ಮಂಡಳಿಗೆ ಲೆಕ್ಕ ಕೊಡಬೇಕು ಅಂತ ಇತ್ತು. ಊರೂರಿನ ಡೀಲರ್‌ನಿಂದ ಲೆಕ್ಕ ತರಿಸಿ ನೋಡುವಷ್ಟು ಸಿಬ್ಬಂದಿ ಯಾವ ರಾಜ್ಯ ಮಂಡಳಿಯಲ್ಲಿದ್ದಾರೆ?

2022ರ ನಿಯಮ ಆ ದಾರಿ ಬಿಟ್ಟಿತು. ಎಲ್ಲ ಬಗೆಯ ಬ್ಯಾಟರಿಯನ್ನೂ ಒಳಗೆ ತಂದಿತು, ರಕ್ಷಣೆ ಮತ್ತು ಬಾಹ್ಯಾಕಾಶಕ್ಕೆ ಬಳಸುವುದನ್ನು ಬಿಟ್ಟು. ನಾಲ್ಕು ಗುಂಪು ಮಾಡಿತು: ಐದು ಕೆ.ಜಿ.ಗಿಂತ ಕಡಿಮೆ ತೂಕದ ಮುಚ್ಚಿದ ಪೋರ್ಟಬಲ್, ಗಾಡಿ ಸ್ಟಾರ್ಟ್ ಮಾಡುವ ಆಟೋಮೋಟಿವ್, ಎಲೆಕ್ಟ್ರಿಕ್ ವಾಹನದ್ದು, ಮಿಕ್ಕ ಕೈಗಾರಿಕಾ ಬ್ಯಾಟರಿ. ಹೊಣೆಯನ್ನು "ಉತ್ಪಾದಕ"ರ ಮೇಲೆ ಹೊರಿಸಿತು. ಇಂಗ್ಲಿಷಿನಲ್ಲಿ ಇಪಿಆರ್ ಅಂತ ಎಲ್ಲರ ಬಾಯಲ್ಲಿರುವ ಪದ ಇದೇ, ಮಾರಿದವರೇ ಕೊನೆತನಕ ಹೊಣೆ ಅನ್ನುವುದು.

ಈ "ಉತ್ಪಾದಕ" ಅನ್ನುವ ಪದವನ್ನು ಸ್ವಲ್ಪ ನಿಧಾನಕ್ಕೆ ಓದಬೇಕು. ದೊಡ್ಡ ಬ್ರಾಂಡ್‌ಗಳಷ್ಟೇ ಅಲ್ಲ. ಬೇರೆಯವರು ತಯಾರಿಸಿದ್ದಕ್ಕೆ ತನ್ನ ಸ್ಟಿಕ್ಕರ್ ಅಂಟಿಸಿ ಮಾರುವವನೂ ಉತ್ಪಾದಕ. ಬ್ಯಾಟರಿ ಇರುವ ಸ್ಪೀಕರೋ ಆಟಿಕೆಯೋ ವಿದೇಶದಿಂದ ತರಿಸಿ ಮಾರುವವನೂ ಉತ್ಪಾದಕ. ಇವರೆಲ್ಲ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರುಬಳಕೆದಾರರು, ಮತ್ತೆ ಹಳೆ ಬ್ಯಾಟರಿ ರಿಪೇರಿ ಮಾಡಿ ಮಾರುವವರು, ರಾಜ್ಯ ಮಂಡಳಿಯಲ್ಲಿ ನೋಂದಾಯಿಸಬೇಕು. ಪ್ಲೇಟ್ ಬದಲಿಸಿ "ಲೋಕಲ್ ಬ್ಯಾಟರಿ" ಮಾಡಿಕೊಡುವ ಸಣ್ಣ ಅಂಗಡಿಯೂ ಅಕ್ಷರಶಃ ಓದಿದರೆ ಇದರೊಳಗೆ ಬರತ್ತೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಂಥ ಜಾಗದಲ್ಲಿ ಕೆಲಸ ಕಲಿತ ಹುಡುಗನಿಗೆ ಇದನ್ನು ಕನ್ನಡದಲ್ಲಿ ವಿವರಿಸಿ ಒಂದು ಕಾಗದವನ್ನಾದರೂ ಯಾರಾದರೂ ಕೊಟ್ಟಿದ್ದಾರೆಯೇ? ಪೋರ್ಟಲ್ ಇರುವುದು ಇಂಗ್ಲಿಷಿನಲ್ಲಿ.

ಬ್ಯಾಟರಿ ಮೇಲೆ ಗೀಟು ಹಾಕಿದ ಕಸದ ಡಬ್ಬಿಯ ಚಿತ್ರ ಇರಬೇಕು, ಮನೆ ಕಸಕ್ಕೆ ಹಾಕಬೇಡಿ ಅಂತ ಅದರ ಅರ್ಥ. ಮರುಬಳಕೆ ಘಟಕಕ್ಕೆ ಬಂದ ಬ್ಯಾಟರಿಯಿಂದ ಎಷ್ಟು ವಸ್ತು ವಾಪಸ್ ತೆಗೆಯಬೇಕು ಅನ್ನುವುದಕ್ಕೂ ಗುರಿ ಇದೆ. ಪೋರ್ಟಬಲ್ ಮತ್ತು ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೆ 2024-25ರಲ್ಲಿ ಶೇ. 70, ಮರುವರ್ಷ ಶೇ. 80, 2026-27ರಿಂದ ಶೇ. 90. ಆಟೋಮೋಟಿವ್, ಕೈಗಾರಿಕಾ ಬ್ಯಾಟರಿಗೆ ಶೇ. 55, ಆಮೇಲೆ ಶೇ. 60. ಹೊಸ ಬ್ಯಾಟರಿಯಲ್ಲಿ ಇಂತಿಷ್ಟು ಮರುಬಳಕೆಯ ವಸ್ತು ಇರಲೇಬೇಕು ಅನ್ನುವುದು 2027-28ರಿಂದ ಶುರುವಾಗತ್ತೆ: ಎಲೆಕ್ಟ್ರಿಕ್ ವಾಹನದ ಬ್ಯಾಟರಿಯಲ್ಲಿ ಶೇ. 5ರಿಂದ ಹತ್ತುತ್ತಾ 2030-31ಕ್ಕೆ ಶೇ. 20.

ಕಂಪನಿಯವರು ತಾವೇ ಹಳೆ ಬ್ಯಾಟರಿ ಹುಡುಕಿಕೊಂಡು ಸಕ್ರೆಬೈಲಿಗೆ ಬರಬೇಕಿಲ್ಲ. ಮರುಬಳಕೆದಾರ ಎಷ್ಟು ಲೋಹ ತೆಗೆದ ಅಂತ ಪೋರ್ಟಲ್‌ಗೆ ಹಾಕಿದರೆ ಅಷ್ಟಕ್ಕೆ ಪ್ರಮಾಣಪತ್ರ ಹುಟ್ಟತ್ತೆ. ಕಂಪನಿ ಅದನ್ನು ದುಡ್ಡು ಕೊಟ್ಟು ಕೊಂಡರೆ ಅವರ ಬಾಧ್ಯತೆ ತೀರಿತು. ಕೊಳ್ಳದಿದ್ದರೆ ಪರಿಸರ ಪರಿಹಾರ ಅಂತ ದಂಡ. ಪ್ರಮಾಣಪತ್ರದ ದರ ಆ ದಂಡದ ಶೇ. 30ರಿಂದ 100ರ ಒಳಗೆ ಇರಬೇಕು ಅಂತ 2024ರ ತಿದ್ದುಪಡಿ ಮಿತಿ ಹಾಕಿತು. ದಂಡ ಕಟ್ಟಿದ ಮೇಲೂ ಬಾಕಿ ಕೆಲಸ ಮಾಡಲೇಬೇಕು. ಒಂದು ವರ್ಷದೊಳಗೆ ಮಾಡಿ ತೋರಿಸಿದರೆ ದಂಡದ ಶೇ. 75 ವಾಪಸ್, ಎರಡು ವರ್ಷದೊಳಗಾದರೆ ಶೇ. 60, ಮೂರು ವರ್ಷದೊಳಗಾದರೆ ಶೇ. 40.

ಜಾಣ ವ್ಯವಸ್ಥೆ, ನಿಜ. ಆದರೆ ಕಾಗದ ಮಾರಾಟಕ್ಕೆ ಬಂದ ಕಡೆ ಸುಳ್ಳು ಕಾಗದವೂ ಬರತ್ತೆ. ಪ್ಲಾಸ್ಟಿಕ್‌ಗೆ ಇದೇ ಥರದ ವ್ಯವಸ್ಥೆ ಇದೆಯಲ್ಲ, ಅದರಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಕೇಂದ್ರೀಯ ಮಂಡಳಿಯೇ 2023ರಲ್ಲಿ ಪತ್ತೆ ಹಚ್ಚಿತು. ಸಿಕ್ಕಿಬಿದ್ದ ಘಟಕಗಳಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಿಕ್ಷೆಯ ಭಯವಾದರೂ ಇದೆಯೇ? ಪರಿಸರ ಸಂರಕ್ಷಣಾ ಕಾಯ್ದೆ ಉಲ್ಲಂಘಿಸಿದರೆ ಮೊದಲು ಐದು ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ ಮಾಡಿತು. ವ್ಯಾಪಾರ ಸುಲಭ ಆಗಲಿ ಅಂತ. ಹೊಸ ಹೊಣೆ ಹೊರಿಸಿದ ಮರುವರ್ಷವೇ ಬೆತ್ತ ಕಿತ್ತುಕೊಂಡದ್ದು ಕಾಕತಾಳೀಯ ಇರಬಹುದು, ನನಗೇನೋ ಹಾಗೆ ಅನ್ನಿಸಲ್ಲ.

"ಮಾಡಬಹುದು" ಅನ್ನುವ ಒಂದು ಪದ

ಬಳಕೆದಾರರಾದ ನಮಗೆ ನಿಯಮದಲ್ಲಿರುವುದು ಎರಡೇ ಕರ್ತವ್ಯ. ಸತ್ತ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸಬಾರದು. ಅದನ್ನು ಸಂಗ್ರಹಿಸುವ, ರಿಪೇರಿ ಮಾಡುವ ಅಥವಾ ಮರುಬಳಕೆ ಮಾಡುವ ಸಂಸ್ಥೆಗೆ ಕೊಟ್ಟು ಪರಿಸರಕ್ಕೆ ಹಾನಿಯಾಗದಂತೆ ನೋಡಿಕೊಳ್ಳಬೇಕು. ಸರಿ, ಕೊಡೋಣ. ಯಾರಿಗೆ? ಯಾಕೆ ಅವರಿಗೇ ಕೊಡಬೇಕು?

ಉತ್ತರ ಇರಬೇಕಾದ ಜಾಗದಲ್ಲಿ ನಿಯಮ ಹೇಳುವುದು ಇಷ್ಟು: ಉತ್ಪಾದಕರು ಠೇವಣಿ ವಾಪಸಾತಿ, ಬೈಬ್ಯಾಕ್ ಅಥವಾ ಬೇರೆ ಯಾವುದಾದರೂ ಯೋಜನೆ ನಡೆಸಬಹುದು. ಬಹುದು. ಬೇಕು ಅಲ್ಲ. ಇಡೀ ನಿಯಮದಲ್ಲಿ ನನಗೆ ಅತಿ ದುಬಾರಿ ಅನ್ನಿಸುವ ಪದ ಇದು.

ಜರ್ಮನಿಯಲ್ಲಿ ಹಳೆಯದನ್ನು ಕೊಡದೆ ಹೊಸ ಕಾರ್ ಬ್ಯಾಟರಿ ಕೊಂಡರೆ ಏಳೂವರೆ ಯೂರೋ ಠೇವಣಿ ಇಡಬೇಕು, ಹಳೆಯದು ತಂದರೆ ವಾಪಸ್. ಅಂಗಡಿ ಯಾವುದಾದರೂ ಒಂದೇ ಮೊತ್ತ. ಸೋಡಾ ಬಾಟಲಿ ವಾಪಸ್ ಕೊಟ್ಟು ಚಿಲ್ಲರೆ ತಗೊಂಡು ಬೆಳೆದ ನಮಗೆ ಇದೇನು ಹೊಸದಲ್ಲ. ನಮ್ಮಲ್ಲಿ ಅಂಗಡಿಯ ಎಕ್ಸ್‌ಚೇಂಜ್ ದರ ಬಿಟ್ಟರೆ ಬೇರೇನೂ ಇಲ್ಲ, ಅದು ವ್ಯಾಪಾರಿಯ ಮರ್ಜಿ. ಬೇಲಿಯ ಬ್ಯಾಟರಿ ಹಾಳಾದ ರೈತ ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಬರಬೇಕು, ಕಂಡಕ್ಟರ್ ಹತ್ತಿಸಿಕೊಂಡರೆ. ಗುಜರಿಯವನು ತೋಟದ ಬದಿಗೇ ಬರ್ತಾನೆ, ತೂಕ ಹಾಕ್ತಾನೆ, ನೋಟು ಎಣಿಸ್ತಾನೆ. ರೈತ ತಪ್ಪು ಮಾಡಿದ ಅಂತ ನಾನಂತೂ ಹೇಳಲಾರೆ.

ಗುಜರಿಯವನದ್ದೂ ತಪ್ಪಲ್ಲ. ಈ ದೇಶದಲ್ಲಿ ಮನೆ ಮನೆಯಿಂದ ಬ್ಯಾಟರಿ ಸಂಗ್ರಹಿಸುವ ಜಾಲ ಅಂತ ನಿಜವಾಗಿ ಇರುವುದು ಅವರದ್ದೇ. ಸಂಗ್ರಹಿಸುವವರು ಬೇರೆ, ಕರಗಿಸುವವರು ಬೇರೆ. ಮೊದಲನೆಯವರಿಗೆ ಗುರುತಿನ ಚೀಟಿ ಕೊಟ್ಟು, ನೋಂದಾಯಿತ ಘಟಕ ಅವರಿಗೆ ಗುಂಡಿಯವನಿಗಿಂತ ಎರಡು ರೂಪಾಯಿ ಹೆಚ್ಚು ಕೊಡುವಂತೆ ಮಾಡಿದರೆ ಬ್ಯಾಟರಿ ತಾನಾಗಿ ದಾರಿ ಬದಲಿಸತ್ತೆ. ಆ ಎರಡು ರೂಪಾಯಿ ಎಲ್ಲಿಂದ? ಕಂಪನಿ ಪ್ರಮಾಣಪತ್ರಕ್ಕೆ ಕೊಡುವ ದುಡ್ಡಿನಿಂದ. ಈಗ ಆ ದುಡ್ಡು ಮರುಬಳಕೆ ಘಟಕದವರೆಗೆ ಬಂದು ನಿಲ್ಲತ್ತೆ, ಅಲ್ಲಿಂದ ಕೆಳಗೆ ಇಳೀಬೇಕು ಅಂತ ನಿಯಮ ಎಲ್ಲೂ ಹೇಳಿಲ್ಲ.

ಬರುತ್ತಿರುವ ಬ್ಯಾಟರಿಗೆ ಗುಜರಿ ದರವೂ ಇಲ್ಲ

ಸೀಸದ ಕತೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಅದು ಹೋಗ್ತಾ ಇದೆ. ಸ್ಕೂಟರ್, ಇ-ಆಟೋ, ಈಗ ಮನೆ ಇನ್ವರ್ಟರ್ ಕೂಡ ಲಿಥಿಯಂಗೆ ತಿರುಗ್ತಾ ಇವೆ. ಲಿಥಿಯಂನಲ್ಲಿ ಎರಡು ಜಾತಿ. ನಿಕ್ಕಲ್-ಕೋಬಾಲ್ಟ್ ಇರುವುದು ಒಂದು, ಹಳೆ ಮೊಬೈಲ್-ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ಇಂಥದ್ದೇ. ಕೋಬಾಲ್ಟ್‌ಗೆ ಬೆಲೆ ಇದೆ, ಹಾಗಾಗಿ ಮರುಬಳಕೆದಾರ ದುಡ್ಡು ಕೊಟ್ಟು ಕೊಳ್ತಾನೆ. ಇನ್ನೊಂದು ಲಿಥಿಯಂ ಕಬ್ಬಿಣ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅಂತಾರೆ. ಅಗ್ಗ, ಬೆಂಕಿ ಭಯ ಕಡಿಮೆ, ಬಾಳಿಕೆ ಜಾಸ್ತಿ. ಇನ್ವರ್ಟರ್‌ಗೆ, ಆಟೋಗೆ ಇದೇ ಬರ್ತಾ ಇದೆ. ಇದರಲ್ಲಿ ನಿಕ್ಕಲ್ ಇಲ್ಲ, ಕೋಬಾಲ್ಟ್ ಇಲ್ಲ. ಕಬ್ಬಿಣ ಮತ್ತು ಫಾಸ್ಫೇಟ್‌ಗೆ ಗುಜರಿ ಬೆಲೆ ಎಷ್ಟು? ಸತ್ತ ಎಲ್‌ಎಫ್‌ಪಿ ಬ್ಯಾಟರಿಯನ್ನು ಸರಿಯಾಗಿ ಬಿಚ್ಚುವ ಖರ್ಚೇ ಸಿಗುವ ವಸ್ತುವಿನ ಬೆಲೆಯನ್ನು ಮೀರಬಹುದು.

ಸೀಸದ ಬ್ಯಾಟರಿಯನ್ನು ಇಷ್ಟು ದಿನ ವಾಪಸ್ ತಂದದ್ದು ಕಾನೂನಲ್ಲ, ಸೀಸದ ಬೆಲೆ. ಅದು ಕೆಟ್ಟ ದಾರಿಯಲ್ಲಿ ತಂದರೂ ತಂದಿತು. ಎಲ್‌ಎಫ್‌ಪಿಗೆ ಆ ಎಳೆತವೂ ಇಲ್ಲ. ಇನ್ನು ಎಂಟು-ಹತ್ತು ವರ್ಷಕ್ಕೆ ಇವು ರಾಶಿ ರಾಶಿ ಸಾಯುವಾಗ ಮನೆ ಬಾಗಿಲಿಗೆ ತಕ್ಕಡಿ ಹಿಡಿದು ಯಾರೂ ಬರಲ್ಲ. ಆಗ ಕೆಲಸ ಮಾಡಬೇಕಾದ್ದು ಕಾನೂನು ಒಂದೇ, ಮತ್ತು ಅದರಲ್ಲಿ ಬರೆದಿರುವುದು "ಬಹುದು".

ಕೇಂದ್ರ ಸುಮ್ಮನೆ ಕೂತಿದೆ ಅಂತಲ್ಲ. 2025ರ ಬಜೆಟ್ಟಿನಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಗುಜರಿಯ ಆಮದು ಸುಂಕ ತೆಗೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಹತ್ವದ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿ ಪ್ರೋತ್ಸಾಹ ಯೋಜನೆ ಒಪ್ಪಿದರು. ಕಾರ್ಖಾನೆ ಕಟ್ಟುವವರಿಗೆ ಹಣ ಇದೆ, ಹೊರದೇಶದ ಗುಜರಿ ತರೋಕೆ ರಿಯಾಯಿತಿ ಇದೆ. ಸಕ್ರೆಬೈಲಿನಿಂದ ಶಿವಮೊಗ್ಗಕ್ಕೆ ಒಂದು ಬ್ಯಾಟರಿ ತರುವ ಬಸ್ ಚಾರ್ಜು ಯಾವ ಯೋಜನೆಯಲ್ಲೂ ಇಲ್ಲ. ಯುರೋಪ್ ಒಕ್ಕೂಟದ 2023ರ ಬ್ಯಾಟರಿ ನಿಯಮ ಇಲ್ಲಿ ಬೇರೆ ರೀತಿ ಯೋಚಿಸಿದೆ. ಮಾರಿದ ಸಣ್ಣ ಬ್ಯಾಟರಿಗಳಲ್ಲಿ ಎಷ್ಟು ಪಾಲು ಜನರಿಂದ ವಾಪಸ್ ಬಂತು ಅಂತಲೇ ಲೆಕ್ಕ ಕೇಳತ್ತೆ: 2027ರ ಕೊನೆಗೆ ಶೇ. 63, 2030ರ ಕೊನೆಗೆ ಶೇ. 73.

ಇದನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಮಾತಾಡುವಾಗ ಇನ್ನೊಂದು ಮಾತು ಬರಲೇಬೇಕು. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ಮಧ್ಯೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಡ, ಸಿಂಗಳೀಕಗಳ ಕಾಡು ಹೋಗತ್ತೆ ಅಂತ ವಿರೋಧಿಸುವವರಲ್ಲಿ ನಾನೂ ಒಬ್ಬ. ನಾವು ಕೊಡುವ ಪರ್ಯಾಯಗಳಲ್ಲಿ ಒಂದು, ವಿದ್ಯುತ್ ಕೂಡಿಡೋಕೆ ದೊಡ್ಡ ಬ್ಯಾಟರಿಗಳನ್ನು ಹಾಕಿ ಅನ್ನುವುದು. ಆ ವಾದ ಈಗಲೂ ಸರಿ. ಆದರೆ ಬ್ಯಾಟರಿ ಹಾಕಿ ಅನ್ನುವವರು ಅವು ಸತ್ತ ಮೇಲೆ ಯಾರ ಊರಿಗೆ ಹೋಗ್ತವೆ ಅನ್ನುವ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರಬೇಕು. ಕಾಡು ಉಳಿಸಿ ಇನ್ಯಾವುದೋ ಬಡಾವಣೆಯ ಮಣ್ಣು ಕೆಡಿಸಿದರೆ ಅದು ನಮ್ಮ ಹೋರಾಟದ ಗೆಲುವಾಗಲ್ಲ.

ಭದ್ರಾವತಿಯ ಬಗ್ಗೆಯೂ ಒಂದು ಮಾತು. ನೂರು ವರ್ಷದಿಂದ ಕುಲುಮೆ, ಲೋಹ, ಕಿಟ್ಟ ಅಂದರೇನು ಅಂತ ಮನೆಮಾತಾಗಿ ಗೊತ್ತಿರುವ ಊರು ಅದು. ವಿಐಎಸ್‌ಎಲ್ ಮುಚ್ಚುವ ನಿರ್ಧಾರವನ್ನು ಸೈಲ್ 2023ರ ಜನವರಿಯಲ್ಲಿ ಹೇಳಿದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದದ್ದು ನೆನಪಿದೆ. ಮಾಚೇನಹಳ್ಳಿಯಿಂದ ಭದ್ರಾವತಿವರೆಗೆ ಲೋಹದ ಕೆಲಸ ಬಲ್ಲ ಕೈಗಳಿವೆ. ಸೀಸ ಕರಗಿಸುವ ಘಟಕವನ್ನೇ ತನ್ನಿ ಅಂತ ನಾನು ಹೇಳಲ್ಲ, ಜನ ಒಪ್ಪುವುದೂ ಇಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಎಲ್‌ಎಫ್‌ಪಿ ಪ್ಯಾಕ್ ಬಿಚ್ಚಿ, ಜೀವ ಇರುವ ಸೆಲ್ ಆರಿಸಿ, ಮನೆ ದೀಪಕ್ಕೋ ಬೇಲಿಗೋ ಎರಡನೇ ಸಲ ಬಳಸುವ ಕೆಲಸಕ್ಕೆ ಕುಲುಮೆ ಬೇಕಿಲ್ಲ. ಬೆಂಗಳೂರಿನ ನೂನಮ್ ಎಂಬ ಸಣ್ಣ ಸಂಸ್ಥೆ ಆಡಿ ಕಾರುಗಳ ಹಳೆ ಬ್ಯಾಟರಿಯನ್ನು ಇ-ರಿಕ್ಷಾಗೆ ಹಾಕಿ ತೋರಿಸಿ ಕೆಲವು ವರ್ಷಗಳಾದವು. ಸಕ್ರೆಬೈಲಿನ ಬೇಲಿಗೆ ಬೇಕಾದ್ದು ಕಾರಿಗೆ ಬೇಕಾದಷ್ಟು ಶಕ್ತಿಯಲ್ಲ.

ಅಲ್ಲಿಯವರೆಗೆ, ಕೈಯಲ್ಲಿರುವುದು

ಸೀಸದ ಬ್ಯಾಟರಿಯ ಆಸಿಡ್ ಚೆಲ್ಲಿ ಕೊಡಬೇಡಿ. ಖಾಲಿ ತೂಕಕ್ಕೆ ದರ ಅಂತ ಯಾರಾದರೂ ಹೇಳಿದರೆ ಅವರು ಅದನ್ನು ಹಿತ್ತಲಲ್ಲಿ ಒಡೀತಾರೆ ಅಂತಲೇ ಅರ್ಥ ಮಾಡಿಕೊಳ್ಳಿ. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟು ಬಿಲ್ಲಿನಲ್ಲಿ ಎಕ್ಸ್‌ಚೇಂಜ್ ಅಂತ ಬರೆಸಿ. ನಾಲ್ಕಾರು ಮನೆಯವರು ಒಟ್ಟಾದರೆ ಅಂಗಡಿಯವರೇ ಗಾಡಿ ಕಳಿಸಬಹುದು. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಬಿಸಿಲಿಗೆ ಇಡಬೇಡಿ. ಎರಡು ತುದಿಗೂ ಟೇಪ್ ಅಂಟಿಸಿ ಬೇರೆ ಡಬ್ಬಿಯಲ್ಲಿಡಿ. ಕಸದ ಗಾಡಿಯಲ್ಲಿ ಒತ್ತಿ ತುಂಬಿದಾಗ ಬೆಂಕಿ ಹತ್ತುವುದು ಟೇಪ್ ಇಲ್ಲದ ಇಂಥ ಸೆಲ್‌ಗಳಿಂದಲೇ. ಸ್ವಚ್ಛ ವಾಹಿನಿ ಓಡಿಸುವ ಹೆಣ್ಣುಮಕ್ಕಳ ಕೈಗೆ ಆ ಅಪಾಯ ಹೋಗುವುದು ಬೇಡ. ಬಟನ್ ಸೆಲ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಡತ್ತೆ.

ಇಟ್ಟುಕೊಂಡದ್ದನ್ನು ಎಲ್ಲಿಗೆ ಕೊಡುವುದು? ಬಳಸಿದ ಬ್ಯಾಟರಿ ಮನೆಯ ಅಪಾಯಕಾರಿ ತ್ಯಾಜ್ಯ ಅಂತ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ನಗರದಲ್ಲಿ ಪ್ರತಿ 20 ಚದರ ಕಿಲೋಮೀಟರ್‌ಗೆ ಅಂಥ ತ್ಯಾಜ್ಯ ಕೊಡುವ ಒಂದು ಕೇಂದ್ರ ಇರಬೇಕು ಅಂತಲೂ ಹೇಳಿತ್ತು. ಶಿವಮೊಗ್ಗ ಪಾಲಿಕೆಯ ವಿಸ್ತೀರ್ಣ ಸುಮಾರು 70 ಚದರ ಕಿಲೋಮೀಟರ್, ಅಂದರೆ ನಾಲ್ಕು ಕೇಂದ್ರ. 2022ರ ಬ್ಯಾಟರಿ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯ ಕೈಗೆ ಬಂದ ಬ್ಯಾಟರಿ ಉತ್ಪಾದಕರಿಗೋ ನೋಂದಾಯಿತ ಮರುಬಳಕೆದಾರರಿಗೋ ಹೋಗಬೇಕು, ಅನುಪಿನಕಟ್ಟೆಯ ಕಸದ ರಾಶಿಗಲ್ಲ.

ಇದನ್ನೆಲ್ಲ ಕೇಳುವ ಹಕ್ಕು ನಿಮಗಿದೆ, ಮಾಹಿತಿ ಹಕ್ಕಿನಲ್ಲಿ. ಪಾಲಿಕೆಗೆ: ಅಪಾಯಕಾರಿ ತ್ಯಾಜ್ಯ ಕೇಂದ್ರಗಳ ವಿಳಾಸ ಕೊಡಿ, ಕಳೆದ ವರ್ಷ ಎಷ್ಟು ಕೆ.ಜಿ. ಬ್ಯಾಟರಿ ಸಂಗ್ರಹವಾಯ್ತು, ಯಾರಿಗೆ ಕೊಟ್ಟಿರಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ: ಜಿಲ್ಲೆಯಲ್ಲಿ ನೋಂದಾಯಿಸಿದ ಬ್ಯಾಟರಿ ಮರುಬಳಕೆದಾರರು, ರಿಪೇರಿದಾರರು ಯಾರು, ಅವರಲ್ಲಿಗೆ ಕೊನೆಯ ತಪಾಸಣೆ ಯಾವಾಗ ಹೋಯಿತು. ಅರಣ್ಯ ಇಲಾಖೆಗೆ, ಮೆಸ್ಕಾಂಗೆ: ಬೇಲಿಯ, ಕಚೇರಿಯ, ಉಪಕೇಂದ್ರದ ಹಳೆ ಬ್ಯಾಟರಿ ಹರಾಜಿನಲ್ಲಿ ಕೊಂಡವರ ನೋಂದಣಿ ಪತ್ರದ ಪ್ರತಿ ಕೊಡಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅಂತಿದೆ. ಹಾಗಾಗಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಬೇಡಿ. ನಾಲ್ಕು ಕಚೇರಿಗೆ ನಾಲ್ಕು ಅರ್ಜಿ, ಬೇರೆ ಬೇರೆಯಾಗಿ ಹಾಕಿ.